ಗಾಳಿ ಮಶೀನಿಗೆ ಕುಸುಬಿ ಎಣ್ಣೆ

ಗಜೇಂದ್ರಗಡದ ನಮ್ಮ ಮನೆಯ ಪಡಸಾಲೆಯಲ್ಲಿ ಆಗ ಎರಡು ಮಶೀನುಗಳಿದ್ದವು. ಕಿಟಕಿಯ ಕಡೆಯದು ನನ್ನದು, ಬಟ್ಟೆ ಹೊಲಿಯುವುದು. ಗೋಡೆಯ ಕಡೆಯದು ನನ್ನ ಹೆಂಡತಿಯ ತಮ್ಮನದು, ಗಾಳಿ ಒತ್ತುವುದು. ಮೊದಲನೆಯದು ನಮಗೆ ರೊಟ್ಟಿ ಕೊಡುತ್ತಿತ್ತು. ಎರಡನೆಯದು ಜಾಗ ತಿನ್ನುತ್ತಿತ್ತು, ಎಣ್ಣೆ ಕುಡಿಯುತ್ತಿತ್ತು, ಅಳತೆ ಕೊಡಲು ಬಂದವರ ಬಿಳಿ ಧೋತರಕ್ಕೆ ಮಸಿ ಹಚ್ಚುತ್ತಿತ್ತು.

ಮೈದುನ ಮುಂಬಯಿಯ ಗೋದಿಯಲ್ಲಿ, ಅಂದರೆ ಹಡಗುಕಟ್ಟೆಯಲ್ಲಿ, ಕೆಲಸ ಮಾಡಿ ಬಂದವನು. ಮುಖಕ್ಕೆ ಗಾಜಿನ ಮುಸುಕು ಕಟ್ಟಿಕೊಂಡು ಹಡಗುಗಳ ಹೊಟ್ಟೆಯ ಕೆಳಗೆ ಮುಳುಗುವುದು ಅವನ ಕೆಲಸವಾಗಿತ್ತು. ಯುದ್ಧ ಮುಗಿದ ಮೇಲೆ ಹಳೆಯ ಸಾಮಾನು ಮಾರುವವರಲ್ಲಿ ಒಂದು ಸಣ್ಣ ಕಾಂಪ್ರೆಸರ್, ಅದನ್ನು ತಿರುಗಿಸುವ ಪೆಟ್ರೋಲ್ ಇಂಜಿನ್ನು, ಉದ್ದನೆಯ ರಬ್ಬರ್ ನಳಿಗೆ ಮತ್ತು ಮುಸುಕು ಸಂಪಾದಿಸಿ, ಗದಗಿನವರೆಗೆ ರೈಲಿನಲ್ಲಿ, ಅಲ್ಲಿಂದ ಚಕ್ಕಡಿಯಲ್ಲಿ ಹೇರಿಕೊಂಡು ಬಂದ. ನಮ್ಮ ನಾಡಿನಲ್ಲಿ ಸಮುದ್ರ ಇಲ್ಲ, ಬಾವಿಗಳಿವೆ. ಬಾವಿಯೊಳಗೆ ಮುಳುಗಿ ಕೆಲಸ ಮಾಡಿಕೊಡುತ್ತೇನೆ ಎಂಬುದು ಅವನ ವಿಚಾರ.

ಮುಳುಗುವವನು ಅವನು, ಸರಿ. ಮೇಲೆ ನಿಂತು ಗಾಳಿ ಕೊಡುವವರು ಯಾರು?

"ಮಾಮಾ, ನೀವ ಆಗಬೇಕು," ಅಂದ. "ಗೋದ್ಯಾಗ ಒಂದ ಮಾತೈತಿ. ಗಾಳಿ ಕೊಡಾಂವ ಮನೀ ಮನಶಾನ ಇರಬೇಕು. ಮುಳುಗಿದಾಂವ ಬರಲಿಲ್ಲಂದ್ರ ಯಾರ ಮನ್ಯಾಗ ಅಳೂದು ಕೇಳಸ್ತೈತ್ಯೋ, ಅಂವನ ಕೈಯಾಗ ಮಶೀನ ಇರಬೇಕು."

"ಥೂ, ಶುಭಾ ನುಡಿಯೋ!" ಎಂದು ನನ್ನ ಹೆಂಡತಿ ಒಳಗಿನಿಂದಲೇ ಬೈದಳು. ಅವಳಿಗೆ ಒಡಹುಟ್ಟಿದವನು ಅವನೊಬ್ಬನೇ. ತಾಯಿ ತೀರಿಕೊಂಡ ಮೇಲೆ ಎತ್ತಿ ಆಡಿಸಿ ಬೆಳೆಸಿದವಳು ಇವಳೇ. ನಾನು ಬೇಡ ಅನ್ನುವ ಪ್ರಶ್ನೆಯೇ ಬರಲಿಲ್ಲ. ನೀರಿಗೆ ಹೆದರುವವನು ನಾನು, ಇಂದಿಗೂ ಮೊಣಕಾಲಿಗಿಂತ ಆಳಕ್ಕೆ ಇಳಿದವನಲ್ಲ. ದಂಡೆಯ ಮೇಲೆ ನಿಲ್ಲುವುದು ತಾನೆ ಎಂದು ಒಪ್ಪಿಕೊಂಡೆ.

ಮೈದುನ ಕಲಿಸಿದ. ಇಂಜಿನ್ನಿನಿಂದ ಕಾಂಪ್ರೆಸರಿಗೆ ಪಟ್ಟಾ. ಕಾಂಪ್ರೆಸರ್ ಒತ್ತಿದ ಗಾಳಿ ಟಾಕಿಗೆ, ಟಾಕಿಯಿಂದ ನಳಿಗೆಗೆ, ನಳಿಗೆಯಿಂದ ಮುಸುಕಿಗೆ. ಗಾಳಿಯನ್ನು ಹಿಂಡಿದರೆ ಅದರಲ್ಲಿರುವ ಪಸೆ ನೀರಾಗಿ ಟಾಕಿಯ ತಳದಲ್ಲಿ ಕೂಡುತ್ತದೆ, ಆಗಾಗ ತಳದ ನಲ್ಲಿ ತಿರುವಿ ಅದನ್ನು ಬಿಡಬೇಕು. ಟಾಕಿಯ ಮೇಲೆ ಗಾಳಿಯ ಒತ್ತಡ ತೋರಿಸುವ ಮುಳ್ಳಿನ ಮೇಲೆ ಕಣ್ಣಿರಬೇಕು. ನಳಿಗೆ ಬಿಸಿಲಿಗೆ ಕಾಯದಂತೆ ಮೇಲೆ ಹಸಿ ಗೋಣಿಚೀಲ ಹಾಸಬೇಕು. ಎಲ್ಲಕ್ಕಿಂತ ದೊಡ್ಡ ನೇಮ ಒಂದಿತ್ತು: ಪ್ರತಿ ಸಲವೂ ಅವನು ಮುಳುಗುವ ಮೊದಲು ನಾನು ಮುಸುಕು ಕಟ್ಟಿಕೊಂಡು ಒಂದಿಷ್ಟು ಹೊತ್ತು ಅದೇ ಗಾಳಿಯನ್ನು ಉಸಿರಾಡಬೇಕು. "ಕೊಡಾಂವ ಮೊದಲ ತಾ ಕುಡೀಬೇಕು" ಅನ್ನುತ್ತಿದ್ದ.

ಎಣ್ಣೆಯ ವಿಷಯ ಬಂದಾಗ ನನ್ನ ಹೆಂಡತಿ ನಡುವೆ ಬಂದಳು. ಮೈದುನ ತಂದಿದ್ದ ಮಶೀನೆಣ್ಣೆಯ ಡಬ್ಬಿ ತೀರಿತ್ತು. ಪೇಟೆಯಿಂದ ನಾನು ತಂದ ಕರಿ ಎಣ್ಣೆಯ ಮುಚ್ಚಳ ತೆಗೆದು ಮೂಸಿ ಮುಖ ಸಿಂಡರಿಸಿದಳು.

"ಇದನ್ನ ಹಾಕ್ತೀರಿ? ಬಾಯಾಗ ಇಡಾಕ ಬಾರದ ಎಣ್ಣಿ ನನ್ನ ತಮ್ಮನ ಎದೀಯೊಳಗ ಹೋಗಬೇಕೇನು?"

ಮಾತು ನನಗೆ ಖರೇ ಅನ್ನಿಸಿತು. ಮೈದುನನಿಗೂ ಅನ್ನಿಸಿತು. ಗೋದಿಯಲ್ಲಿ ಅವನು ಮುಳುಗುತ್ತಿದ್ದ, ಮಶೀನು ನೋಡಿಕೊಳ್ಳುವವರು ಬೇರೆ ಇದ್ದರು. ಹೆಂಡತಿ ಗಾಣದಿಂದ ಆಗತಾನೆ ತಂದ ಕುಸುಬಿ ಎಣ್ಣೆಯನ್ನು ಸೀರೆಯ ಸೆರಗಿನಲ್ಲಿ ಸೋಸಿ, ಕೈಯಾರೆ ಕಾಂಪ್ರೆಸರಿಗೆ ಸುರುವಿದಳು. ಹಬ್ಬದ ಹೋಳಿಗೆಗೂ ಅವಳು ಅಷ್ಟು ಚೊಕ್ಕಟ ಎಣ್ಣೆ ಬಳಸಿದ್ದನ್ನು ನಾನು ನೋಡಿರಲಿಲ್ಲ.

ಮೊದಮೊದಲು ಎಲ್ಲ ಚಲೋ ನಡೆಯಿತು. ಬಿದ್ದ ಕೊಡಗಳನ್ನು ತೆಗೆದ, ಹಗ್ಗ ಹರಿದ ಹಿತ್ತಾಳೆ ಹಂಡೆ ತೆಗೆದ, ಪಕ್ಕದೂರು ಸೂಡಿಯಲ್ಲಿ ಒಬ್ಬರ ತೋಟದ ಬಾವಿಗೆ ಬಿದ್ದ ನೊಗವನ್ನೂ ತೆಗೆದುಕೊಟ್ಟ. ಕೆಲಸ ಗಳಿಗೆ ಹೊತ್ತಿನದು. ಮಶೀನು ಬಿಸಿಯಾಗುವುದರೊಳಗೆ ಮುಗಿದುಬಿಡುತ್ತಿತ್ತು. ಬರಬರುತ್ತ ಟಾಕಿಯ ಮುಳ್ಳು ಮೊದಲಿನಂತೆ ಚುರುಕಾಗಿ ಏರುತ್ತಿಲ್ಲ ಎಂದು ನನಗೆ ಕಾಣಿಸಿತು. ಬೇಸಿಗೆ, ಮನುಷ್ಯರೇ ತೇಕುತ್ತಾರೆ, ಮಶೀನು ತೇಕಿದರೇನು ಎಂದುಕೊಂಡೆ.

ಆ ಬೇಸಿಗೆಯಲ್ಲೇ ಹೆಂಡತಿಯ ತವರೂರಿನಿಂದ ಕರೆ ಬಂತು. ರೋಣದಿಂದ ನರಗುಂದದ ಕಡೆ ಹೋಗುವ ದಾರಿಯಲ್ಲಿ ಒಂದು ಎರಿನೆಲದ ಹಳ್ಳಿ. ಆ ಊರಲ್ಲಿ ಎಲ್ಲಿ ತೋಡಿದರೂ ಸವಳು ನೀರು, ಸಿಹಿನೀರಿಗೆ ಇರುವುದು ಒಂದೇ ಮೆಟ್ಟಿಲ ಬಾವಿ. ಅದರ ಒಳಗೋಡೆಯ ಕಲ್ಲುಗಳು ಕುಸಿದು, ತಳದ ಸೆಲೆಯ ಬಾಯಿಯ ಮೇಲೆಯೇ ಬಿದ್ದಿದ್ದವು. ನೀರು ದಿನಾ ಇಳಿಯುತ್ತಿತ್ತು. ನೀರು ಖಾಲಿ ಮಾಡಿ ಕಲ್ಲು ತೆಗೆಯೋಣವೆಂದರೆ ಅಲ್ಲಿಯತನಕ ಊರು ಕುಡಿಯುವುದೇನು? ನೀರಿರುವಾಗಲೇ ಮುಳುಗಿ, ಕಲ್ಲುಗಳಿಗೆ ಹಗ್ಗ ಬಿಗಿದು, ಎತ್ತುಗಳಿಂದ ಎಳೆಸಬೇಕು. ಗಳಿಗೆ ಹೊತ್ತಿನ ಕೆಲಸವಲ್ಲ ಇದು.

ಮೈದುನ ಹಿಗ್ಗಿದ. ಅವನು ಈಜು ಕಲಿತ ಬಾವಿ ಅದು. ಹೆಂಡತಿಯೂ ಹೊರಟಳು. ಮಶೀನನ್ನು ಚಕ್ಕಡಿಗೆ ಹೇರಿ, ಕುಲುಕದಂತೆ ಸುತ್ತಲೂ ಹೊಟ್ಟಿನ ಚೀಲ ಒತ್ತಿ ಕರೆದೊಯ್ದೆವು. ಹೊಸ ಮದುಮಗಳನ್ನೂ ಅಷ್ಟು ಜೋಪಾನವಾಗಿ ಒಯ್ಯುವುದಿಲ್ಲ.

ಮಾರನೆಯ ಬೆಳಿಗ್ಗೆ ಬಾವಿಯ ಸುತ್ತ ಊರಿಗೆ ಊರೇ ಕೂಡಿತ್ತು. ಗೌಡರು ಕಾಯಿ ಒಡೆದರು. ಇಂಜಿನ್ನು ಹಚ್ಚಿದೆ. ಅಷ್ಟು ಆಳದ, ಅಷ್ಟು ಹೊತ್ತಿನ ಕೆಲಸವೆಂದು ಮೊದಲು ಮಶೀನನ್ನು ಚೆನ್ನಾಗಿ ಓಡಿಸಿ ಟಾಕಿ ತುಂಬಿಸಿಕೊಂಡೆ. ಆಮೇಲೆ ನೇಮದಂತೆ ಮುಸುಕು ಕಟ್ಟಿಕೊಂಡು ಕುಳಿತೆ.

ಒಗ್ಗರಣೆಯ ವಾಸನೆ ಬಂತು.

ನಾನು ಮುಸುಕಿನ ಗಾಜಿನೊಳಗಿಂದಲೇ ಅತ್ತಿತ್ತ ನೋಡಿದೆ. ನಮಗೆಲ್ಲ ಊಟಕ್ಕೆ ಯಾರೋ ಅಡುಗೆ ಹೂಡಿದ್ದಾರೆ ಅಂದುಕೊಂಡೆ. ಒಲೆ ಎಲ್ಲೂ ಕಾಣಲಿಲ್ಲ. ಮುಸುಕು ಬಿಚ್ಚಿದೆ, ವಾಸನೆ ಇಲ್ಲ. ಮತ್ತೆ ಕಟ್ಟಿಕೊಂಡೆ, ಈ ಸಲ ಒಗ್ಗರಣೆ ಸೀದಿತ್ತು. ಗಂಟಲು ಕೆರೆಯಿತು, ಕಣ್ಣಲ್ಲಿ ನೀರು ಬಂತು, ನೆತ್ತಿಯಲ್ಲಿ ಸಣ್ಣಗೆ ನೋವು ಹತ್ತಿತು. ಸೀಯುತ್ತಿದ್ದದ್ದು ಮಶೀನಿನ ಒಳಗೆ. ಇಂಜಿನ್ನು ನಿಲ್ಲಿಸಿಬಿಟ್ಟೆ.

"ಯಾಕ ಅಳಿಯಂದ್ರ, ನಿಲ್ಲಿಸಿದ್ರಿ?" ಗೌಡರು ಕೇಳಿದರು.

ಹೇಳಿದೆ. ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು.

"ಒಗ್ಗರಣಿ ವಾಸನಿಗೆ ಯಾರರೆ ಸಾಯ್ತಾರೇನ್ರಿ? ಭಾಳಂದ್ರ ಹಸಿವಿ ಆದೀತು!"

ಮೈದುನ ಆಗಲೇ ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದ. "ಮಾಮಾ, ಒಂದ ಸಲ ಇಳದ ನೋಡ್ತೇನಿ. ಎತ್ತು ಕಟ್ಯಾರ, ಮಂದಿ ಕೂಡೇತಿ," ಅಂದ.

ಹೆಂಡತಿಯ ತವರೂರಲ್ಲಿ ಗಂಡನಾದವನು ಏನಾದರೂ ಕಳೆದುಕೊಂಡಾನು, ಮರ್ಯಾದೆ ಕಳೆದುಕೊಳ್ಳಬಾರದು ಅನ್ನುತ್ತಾರೆ. ಅಂದು ನಾನು ಕಳೆದುಕೊಂಡೆ. "ನಾ ಕುಡ್ಯಾಕ ಆಗದ ಗಾಳಿ ನಿನಗ ಕೊಡಂಗಿಲ್ಲ. ಹಗ್ಗ ಬಿಚ್ಚು," ಅಂದೆ. ನನ್ನ ದನಿ ಹೇಗಿತ್ತೋ ಏನೋ, ಮೈದುನ ಬಿಚ್ಚಿದ. ಹೆಂಗಸರು ಖಾಲಿ ಕೊಡಗಳನ್ನು ಸೊಂಟಕ್ಕೆ ಇಟ್ಟುಕೊಂಡು ನನ್ನನ್ನು ನೋಡುತ್ತ ಹೋದರು. ಅದು ನಗೆಗಿಂತ ಕಷ್ಟವಾಯಿತು.

ನರಗುಂದದ ಹತ್ತಿ ಬಿಡಿಸುವ ಜಿನ್ನಿನಲ್ಲಿ ಒಬ್ಬ ವಯಸ್ಸಾದ ಫಿಟ್ಟರ್ ಇದ್ದಾರೆ, ಮಶೀನು ಕೆಮ್ಮಿದರೆ ಅವರಿಗೆ ಗೊತ್ತಾಗುತ್ತದೆ ಎಂದು ಗೌಡರ ಮನೆಯ ಆಳೊಬ್ಬ ಹೇಳಿದ. ಕಾಂಪ್ರೆಸರಿನ ತಲೆಭಾಗವನ್ನು ಬಿಚ್ಚಿ, ಗೋಣಿಚೀಲದಲ್ಲಿ ಸುತ್ತಿ, ಮಧ್ಯಾಹ್ನದ ಬಸ್ಸು ಹತ್ತಿದೆ. ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದೆ.

ಜಿನ್ನಿನ ಹಂಗಾಮು ಮುಗಿದಿತ್ತು. ಫಿಟ್ಟರ್ ಚಾಚಾ ಶೆಡ್ಡಿನ ನೆರಳಲ್ಲಿ ಕುಳಿತು ಜಿನ್ನಿನ ಉರುಳೆಗಳಿಗೆ ಚರ್ಮ ಬಡಿಯುತ್ತಿದ್ದರು. ಚೀಲ ಬಿಚ್ಚಿ ಒಳಗೆ ಒಂದು ಸಲ ನೋಡಿದರು, ಒಂದು ಸಲ ಮೂಸಿದರು.

"ಯಾ ಅಲ್ಲಾ! ಇದಕ್ಕ ಒಗ್ಗರಣಿ ಯಾರು ಕೊಟ್ರಪಾ?"

ಗಾಳಿಯನ್ನು ಒಳಗೆ ಬಿಡುವ, ಹೊರಗೆ ತಳ್ಳುವ ತೆಳ್ಳನೆಯ ಉಕ್ಕಿನ ಪಟ್ಟಿಗಳೇ ವಾಲ್ವುಗಳು. ಅವುಗಳ ಮೇಲೆ ಕಂದು ಬಣ್ಣದ ಅರಗಿನಂಥದ್ದು ಕಟ್ಟಿತ್ತು, ಅಂಚಿನಲ್ಲಿ ಅದು ಕರಿಕಾಗಿತ್ತು. ನಾನು ಕುಸುಬಿ ಎಣ್ಣೆಯ ಕಥೆ ಹೇಳಿದೆ. ಚಾಚಾ ನಗಲಿಲ್ಲ.

"ಬಾವಿ ನೀರ ಎತ್ತೂ ತೊಗಲ ಚೀಲಕ್ಕ ಏನ ಹಚ್ತಾರ?"

"ಕುಸುಬಿ ಎಣ್ಣಿ ಕಾಸಿ ಹಚ್ತಾರ್ರಿ. ಒಣಗಿ ಬಿಗೀತೈತಿ."

"ಮತ್ತ? ಮಶೀನ್ಯಾಗ ಕಾವು ಕಡಿಮಿ ಐತೇನು? ಎಣ್ಣಿ ಕಾದ, ಒಣಗಿ, ವಾಲ್ವಿಗೆ ಅಂಟೇತಿ. ಅಂಟಿದ್ದಕ್ಕ ಗಾಳಿ ಪೂರಾ ದಾಟವಲ್ಲದು. ದಾಟದ ಗಾಳಿ ಮತ್ತ ಮತ್ತ ಒತ್ತಿಸಿಕೊಂಡು ಇನ್ನಷ್ಟು ಕಾಯ್ತೈತಿ. ಹಿಂಗ ಬಿಟ್ಟಿದ್ರ ಒಳಗ ಬೆಂಕಿನ ಹತ್ತತಿತ್ತು." ವಾಲ್ವನ್ನು ಕೆಳಗಿಟ್ಟು ಕೇಳಿದರು: "ಹುಡುಗ ಇಳದಿದ್ನೇನು?"

"ಇಳಿಸಲಿಲ್ಲರಿ."

"ಚಲೋ ಮಾಡಿದಿ," ಅಂದರು. ಅಂದು ಬೆಳಗಿನಿಂದ ನನಗೆ ಯಾರಾದರೂ ಹೇಳಿದ ಒಳ್ಳೆಯ ಮಾತು ಅದೊಂದೇ. ಕಣ್ಣು ತುಂಬಿಬಂದವು, ಸುಳ್ಳೇಕೆ ಹೇಳಲಿ.

ಆಮೇಲೆ ಅವರು ಕೈ ಹಚ್ಚಲಿಲ್ಲ, ನನ್ನಿಂದಲೇ ಮಾಡಿಸಿದರು. ನೀರಿಗೆ ವಾಷಿಂಗ್ ಸೋಡಾ ಹಾಕಿ ವಾಲ್ವುಗಳನ್ನು ಕುದಿಸಿದೆ. ಮೆತ್ತಗಾದ ಅಂಟನ್ನು ಬಿದಿರಿನ ಚಕ್ಕೆಯಿಂದ ಕೆರೆದೆ. ಕಬ್ಬಿಣ ತಾಕಿಸಿದರೆ ಗೀರು ಬಿದ್ದು ಗಾಳಿ ಸೋರುತ್ತದೆಯಂತೆ. ಗಾಜಿನ ಮೇಲೆ ನುಣ್ಣನೆಯ ಸಾಣೆಪುಡಿ ಹರಡಿ ಪಟ್ಟಿಗಳನ್ನು ಸುತ್ತುಸುತ್ತಾಗಿ ತಿಕ್ಕಿದೆ. ಕೂಡಿಸಿದ ಮೇಲೆ ಒಂದು ಕಡೆ ಚಿಮಣಿ ಎಣ್ಣೆ ಸುರಿದು ಇನ್ನೊಂದು ಕಡೆ ಜಿನುಗುತ್ತದೆಯೇ ಎಂದು ಕಾದೆವು. ಮೊದಲ ಸಲ ಜಿನುಗಿತು. ಬಿಚ್ಚಿಸಿದರು. ಎರಡನೆಯ ಸಲವೂ ಜಿನುಗಿತು, ಮತ್ತೆ ಬಿಚ್ಚಿಸಿದರು. ನಾನು ಸಿಡುಕಿದೆ. "ಅಂಗಿ ತೋಳು ಕೂಡಲಿಲ್ಲಂದ್ರ ಬಿಚ್ಚತಿ ಇಲ್ಲೋ? ಇದೂ ಹಂಗ," ಅಂದರು. ಮೂರನೆಯ ಸಲ ಹನಿ ಕಾಣಲಿಲ್ಲ.

ಸರಿಯಾದ ಗಟ್ಟಿ ಮಶೀನೆಣ್ಣೆ ಕೊಟ್ಟು, ಗುರುತಿನ ಗೆರೆಯವರೆಗೆ ಮಾತ್ರ ಹಾಕಲು ಹೇಳಿದರು. "ಎಣ್ಣಿ ಮಶೀನಕ್ಕ, ಗಾಳಿ ಮನಶಾಗ. ಎರಡೂ ಕೂಡದಂಗ ನೋಡ್ಕೊಳ್ಳೂದು ನಿನ್ನ ಕೆಲಸ. ನೀ ಟೇಲರ ಅಲ್ಲೇನು? ಒಂದ ಚೀಲಾ ಹೊಲಿ." ಹೇಗೆಂದು ಹೇಳಿಕೊಟ್ಟರು: ಎರಡು ಪದರ ಕಂಬಳಿ, ನಡುವೆ ಜಾಲಿಯ ಇದ್ದಲಿಯ ಚೂರು, ಹೊರಗೆ ತೊಳೆದ ಖಾದಿ. ಟಾಕಿಯಿಂದ ಹೊರಟ ಗಾಳಿ ಅದರಲ್ಲಿ ಹಾದು ನಳಿಗೆಗೆ ಹೋಗಬೇಕು.

ಬಸ್ಸಿಗೆ ಹೊರಟಾಗ ಹಿಂದಿನಿಂದ ಕರೆದರು.

"ಇನ್ನೊಂದ ಮಾತು ಕೇಳು. ಸೀದ ಎಣ್ಣಿ ನಿನ್ನ ಮೂಗಿಗೆ ಸಿಕ್ಕಿತು, ಪುಣ್ಯಾ. ಇಂಜಿನ್ನಿನ ಹೊಗಿಯೊಳಗ ಒಂದ ವಿಷ ಐತಿ, ಅದಕ್ಕ ವಾಸನಿ ಇಲ್ಲ. ಇದ್ದಲಿಗೂ ಅದು ನಿಲ್ಲಂಗಿಲ್ಲ. ಕೆಳಗಿದ್ದಾಂವ ನಿದ್ದಿ ಬಂದಂಗ ಹೋಗಿಬಿಡ್ತಾನ. ಗಾಳಿ ಎಳಕೊಳ್ಳೂ ಕೊಳವಿ ಎತ್ತರದಾಗ ಇರಲಿ, ಹೊಗಿ ಬೀಸೂ ಕಡೆ ಇರಬಾರದು. ಅಲ್ಲಿ ನಿನ್ನ ಮೂಗು ನಡಿಯಂಗಿಲ್ಲ, ಕಣ್ಣು ನಡೀಬೇಕು." ಉಪಕಾರಕ್ಕೆ ಏನು ಕೊಡಲಿ ಎಂದು ಕೇಳಿದರೆ, "ಹುಡುಗ ಮ್ಯಾಲ ಬಂದ ಮ್ಯಾಲ ಬಂದು ಹೇಳು. ಇಲ್ಲಂದ್ರ ನನಗ ಉಂಡ ಅನ್ನ ಮೈಗೆ ಹತ್ತಂಗಿಲ್ಲ," ಅಂದರು.

ಹಳ್ಳಿಗೆ ಮರಳಿ ಹೆಂಡತಿಗೆ ಎಲ್ಲ ಹೇಳಿದೆ. ಅವಳು ತನ್ನ ಎರಡೂ ಅಂಗೈ ನೋಡಿಕೊಂಡಳು. "ನಾನ ಸೋಸಿ ಹಾಕಿದ್ನೆಲ್ರಿ," ಅಂದಳು. ನನ್ನ ಮೇಲೆ ಸದಾ ತಪ್ಪು ಹೊರಿಸುವ ಬಾಯಿ ಅದು. ಆ ಹೊತ್ತಿನಲ್ಲಿ ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಇಬ್ಬರೂ ಕೂತು ಕಂಬಳಿಯ ಚೀಲ ಹೊಲಿದೆವು. ಅವಳು ಇದ್ದಲಿ ಕುಟ್ಟಿ, ಜರಡಿ ಹಿಡಿದು, ತೊಳೆದು ಒಣಗಿಸಿದಳು.

ಮಾರನೆಯ ಬೆಳಿಗ್ಗೆ ತಲೆಭಾಗ ಮತ್ತೆ ಕೂಡಿಸಿ, ಕುಸುಬಿ ಎಣ್ಣೆ ಬಸಿದು, ಚಾಚಾ ಕೊಟ್ಟದ್ದನ್ನು ಗೆರೆಯವರೆಗೆ ಹಾಕಿದೆ. ಗಾಳಿ ಎಳೆದುಕೊಳ್ಳುವ ಕೊಳವೆಗೆ ಇನ್ನೊಂದು ತುಂಡು ಜೋಡಿಸಿ ಉದ್ದ ಮಾಡಿ, ಅದರ ಬಾಯನ್ನು ಒಂದು ಬಿದಿರು ಗಳದ ತುದಿಗೆ ಎತ್ತಿ ಕಟ್ಟಿದೆ. ಪಕ್ಕದಲ್ಲೇ ತೆಳ್ಳನೆಯ ಮಲ್‌ಬಟ್ಟೆಯ ಒಂದು ಅಂಚು ಹರಿದು ಬಾಲದಂತೆ ಕಟ್ಟಿದೆ, ಗಾಳಿ ಯಾವ ಕಡೆಗೆ ಬೀಸುತ್ತದೆ ಎಂದು ನೋಡಲು. ಗೌಡರು ಅದನ್ನು ನೋಡಿ, "ಅಳಿಯಂದ್ರು ಜಂಡಾ ಏರಿಸ್ಯಾರ, ಇನ್ನ ಭಾಷಣ ಅಷ್ಟ ಬಾಕಿ," ಅಂದರು. ಅನ್ನಲಿ. ಮುಸುಕು ಕಟ್ಟಿಕೊಂಡು ಉಸಿರಾಡಿದೆ. ಕಂಬಳಿಯ ತುಸು ವಾಸನೆ ಬಿಟ್ಟರೆ ಏನೂ ಇರಲಿಲ್ಲ. ತಲೆ ಹಗುರಾಗಿತ್ತು.

ಮೈದುನ ಇಳಿದ. ಹಗ್ಗ ಅವನ ಅಕ್ಕನ ಕೈಯಲ್ಲಿತ್ತು. ಒಂದು ಸಲ ಜಗ್ಗಿದರೆ ಎಲ್ಲ ಸರಿ, ಬಿಡದೆ ಜಗ್ಗಿದರೆ ಮೇಲೆ ಬಾ. ಎತ್ತುಗಳು ಎರಡು ಕಲ್ಲು ಎಳೆದವು, ಮಂದಿ ಕೂಗು ಹಾಕಿದರು. ಮೂರನೆಯದು ದೊಡ್ಡದು, ಸೆಲೆಯ ಮೇಲೆಯೇ ಕುಳಿತಿದ್ದದ್ದು. ಅದಕ್ಕೆ ಹಗ್ಗ ಬಿಗಿಯಲು ಅವನು ಮತ್ತೆ ತಳಕ್ಕೆ ಹೋದ.

ನಾನು ಮಂದಿಯನ್ನು ನೋಡುತ್ತಿರಲಿಲ್ಲ, ಬಾವಿಯನ್ನೂ ನೋಡುತ್ತಿರಲಿಲ್ಲ. ಮಲ್‌ಬಟ್ಟೆಯನ್ನು ನೋಡುತ್ತಿದ್ದೆ. ಬೆಳಗಿನಿಂದ ಹೊಲದ ಕಡೆಗೆ ಹಾರುತ್ತಿದ್ದ ಬಾಲ ಒಮ್ಮೆ ಜೋತುಬಿತ್ತು. ಆಮೇಲೆ ಮೆಲ್ಲಗೆ ಎದ್ದು ಎದುರು ಕಡೆಗೆ ತಿರುಗಿತು. ಇಂಜಿನ್ನಿನ ಹೊಗೆ ನೇರವಾಗಿ ಕೊಳವೆಯ ಬಾಯಿಯ ಕಡೆಗೆ ಹೊರಟಿತ್ತು.

ಗಳ ಕಿತ್ತು ಬೇರೆ ಕಡೆ ಹುಗಿಯಲು ಹೊತ್ತಿಲ್ಲ. ಇಂಜಿನ್ನು ನಡೆದರೆ ಹೊಗೆ ಒಳಗೆ ಹೋಗುತ್ತದೆ. ನಿಲ್ಲಿಸಿದರೆ ಗಾಳಿಯೇ ನಿಲ್ಲುತ್ತದೆ, ಟಾಕಿಯಲ್ಲಿ ಕೂಡಿದ್ದಷ್ಟೇ ಅವನ ಪಾಲಿಗೆ. ಟಾಕಿಯಲ್ಲಿರುವುದು ಗಾಳಿ ತಿರುಗುವ ಮೊದಲಿನದು, ಚೊಕ್ಕಟವಾದದ್ದು. ಸ್ವಲ್ಪವಾದರೂ ಚಿಂತೆಯಿಲ್ಲ, ಕೆಟ್ಟದ್ದು ಬೇಡ. ಇಂಜಿನ್ನು ನಿಲ್ಲಿಸಿಬಿಟ್ಟೆ.

"ಜಗ್ಗು! ಬಿಡದ ಜಗ್ಗು!" ಎಂದು ಹೆಂಡತಿಗೆ ಕೂಗಿದೆ.

ಸದ್ದು ನಿಂತದ್ದೇ ತಡ, ಊರು ಎದ್ದು ನಿಂತಿತು. "ಮಶೀನ ಬಂದ್ ಆತು! ಹುಡುಗ ಕೆಳಗ ಅದಾನ!" ಯಾರೋ ನನ್ನ ತೋಳು ಹಿಡಿದು ಅಲ್ಲಾಡಿಸಿದರು. "ಹಚ್ಚರೀ, ಲಗೂ ಹಚ್ಚರಿ!" ನಾನು ಇಂಜಿನ್ನಿಗೆ ಬೆನ್ನು ಕೊಟ್ಟು ನಿಂತೆ, ಯಾರೂ ಮುಟ್ಟದ ಹಾಗೆ. ಹೆಂಡತಿ ಯಾಕೆ ಅನ್ನಲಿಲ್ಲ. ನನ್ನ ಮುಖ ಕೂಡ ನೋಡಲಿಲ್ಲ. ಜಗ್ಗುತ್ತಲೇ ಇದ್ದಳು. ಟಾಕಿಯ ಮುಳ್ಳು ಇಳಿಯುತ್ತಿತ್ತು. ಅದುವರೆಗೆ ನೆನೆಯದ ದೇವರನ್ನೆಲ್ಲ ನೆನೆದೆ, ಚಾಚಾರ ದೇವರನ್ನೂ ಬಿಡಲಿಲ್ಲ.

ನೀರು ಕಲಕಿತು. ಮುಸುಕಿನ ಗಾಜು ಬಿಸಿಲಿಗೆ ಮಿಂಚಿತು. ಮೈದುನ ಮೆಟ್ಟಿಲಿಗೆ ಕೈ ಹಾಕಿದಾಗ ಮುಳ್ಳು ಇನ್ನೂ ಸೊನ್ನೆ ಮುಟ್ಟಿರಲಿಲ್ಲ.

ಅವನು ಕುಳಿತು ದಮ್ಮು ತೆಗೆದುಕೊಂಡ. ನಾನು ಬಟ್ಟೆಯ ಬಾಲ ತೋರಿಸಿ ಆದದ್ದನ್ನು ಹೇಳಿದೆ. ಗೌಡರು ಹೊಗೆ ನೋಡಿದರು, ಗಳ ನೋಡಿದರು. ತಲೆಯ ರುಮಾಲು ತೆಗೆದು ಮುಖ ಒರೆಸಿಕೊಂಡರು.

"ಕೆಳಗ ಅಂಜಿಕಿ ಆತೇನೋ?" ಎಂದು ಮೈದುನನನ್ನು ಕೇಳಿದೆ.

"ನಳಗಿಯೊಳಗ ಮಶೀನಿನ ಸಪ್ಪಳ ನಿಂತಾಗ ಒಂಚೂರು ಆತು. ಆಮ್ಯಾಲ ಹಗ್ಗ ಜಗ್ಗಿತು. ಮಾಮಾನ ನಿಲ್ಲಿಸ್ಯಾರ, ಏನರೆ ಕಾರಣ ಇರತೈತಿ ಅಂತ ಸಾವಕಾಶ ಬಂದೆ," ಅಂದ.

ಮಶೀನನ್ನು ಬಾವಿಯ ಇನ್ನೊಂದು ದಂಡೆಗೆ ಹೊತ್ತೊಯ್ದೆವು, ಈ ಸಲ ಗೌಡರೂ ಕೈ ಕೊಟ್ಟರು. ಟಾಕಿಯ ಗಾಳಿಯನ್ನೆಲ್ಲ ಬಿಟ್ಟು ಹೊಸದಾಗಿ ತುಂಬಿಸಿದೆ. ನೇಮದಂತೆ ಮುಸುಕಿಗೆ ಕೈ ಚಾಚಿದರೆ, ಅದು ಆಗಲೇ ಹೆಂಡತಿಯ ಕೈಯಲ್ಲಿತ್ತು.

"ಈ ಸಲ ನಾ ಕುಡೀತೇನಿ," ಅಂದಳು.

ಅಷ್ಟು ದಿನ ಎಣ್ಣೆ ಸುರುವಿದ್ದು ಬಿಟ್ಟರೆ ಆ ಮಶೀನಿನ ಹತ್ತಿರ ಹಾಯದವಳು, ಸೆರಗನ್ನು ಬಿಗಿದು, ಮುಸುಕು ಕಟ್ಟಿಸಿಕೊಂಡು, ಬಾವಿಯ ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕುಳಿತಳು. ಅವಳ ಎದೆ ಏರುವುದು ಇಳಿಯುವುದು ಕಾಣುತ್ತಿತ್ತು. ನನ್ನ ಕೈಯ ಸಾರಿಗೆ ಉಪ್ಪು ಸರಿ ಎಂದು ಒಂದು ದಿನವೂ ಒಪ್ಪಿದವಳಲ್ಲ. ಏನು ತಪ್ಪು ತೆಗೆಯುತ್ತಾಳೋ ಎಂದು ಕಾದೆ. ಬಹಳ ಹೊತ್ತಿನ ಮೇಲೆ ಮುಸುಕು ತೆಗೆದಳು.

"ಏನೂ ವಾಸನಿ ಇಲ್ರಿ," ಅಂದಳು. ತಮ್ಮನ ಕಡೆ ತಿರುಗಿ, "ಇಳಿ," ಅಂದಳು.

ಸಂಜೆಯ ಹೊತ್ತಿಗೆ ದೊಡ್ಡ ಕಲ್ಲು ಜರುಗಿತು. ಬಾವಿಯ ನಡುವೆ ರಾಡಿ ಎದ್ದು, ಆಮೇಲೆ ತಣ್ಣನೆಯ ನೀರು ಗುಳುಗುಳು ಮಾಡುತ್ತ ಮೇಲೆ ಬರತೊಡಗಿತು. ಬೆಳಗಾಗುವಷ್ಟರಲ್ಲಿ ಮೆಟ್ಟಿಲೊಂದು ಮುಳುಗಿತ್ತು. ಹೆಂಗಸರು ತುಂಬಿದ ಕೊಡ ಹೊತ್ತು ನನ್ನ ಮುಂದೆಯೇ ಹಾದುಹೋದರು.

ಊರಿಗೆ ಮರಳುವ ಮೊದಲು ಮೂವರೂ ನರಗುಂದಕ್ಕೆ ಹೋದೆವು. ಆ ಬಾವಿಯ ನೀರು ತುಂಬಿದ ತಂಬಿಗೆಯನ್ನೂ ಒಂದು ಸಣ್ಣ ಡಬ್ಬಿಯನ್ನೂ ಹೆಂಡತಿ ಚಾಚಾರ ಮುಂದೆ ಇಟ್ಟಳು.

"ಕುಸುಬಿ ಎಣ್ಣಿ ರೀ ಚಾಚಾ. ಸೋಸಿದ್ದೈತಿ. ಇದು ಒಗ್ಗರಣಿಗೆ."

ಚಾಚಾ ಬಾಯಿ ತುಂಬ ನಕ್ಕರು. ನೀರು ಕುಡಿದರು. ನನ್ನನ್ನು ಏನೂ ಕೇಳಲಿಲ್ಲ. ಮೈದುನನನ್ನು ಹತ್ತಿರ ಕರೆದು, ಎಣ್ಣೆಗೈಯನ್ನು ಪಂಚೆಗೆ ಒರೆಸಿಕೊಂಡು, ಅಂಗೈಯನ್ನು ಅವನ ಎದೆಯ ಮೇಲೆ ಇಟ್ಟರು, ಮಶೀನಿನ ಮೇಲೆ ಇಡುವಂತೆಯೇ.

"ಉಸ್ರ ತಗೋ," ಅಂದರು. "ಹೂಂ. ಬಿಡು."

ಅವನು ತೆಗೆದುಕೊಂಡ, ಬಿಟ್ಟ. ಚಾಚಾ ಕಣ್ಣು ಮುಚ್ಚಿದ್ದರು. ಇನ್ನೊಂದು ಸಲ ಅಂದರು, ಇನ್ನೊಂದು ಸಲ ತೆಗೆದುಕೊಂಡ. ನಾನೂ ನನ್ನ ಹೆಂಡತಿಯೂ ಅಕ್ಕಪಕ್ಕ ನಿಂತು ಅವನ ಎದೆ ಏರುವುದನ್ನೇ ನೋಡುತ್ತಿದ್ದೆವು.